ಕೌದಿಯ ಒಳಪದರು: ಗಡಿನಾಡಿನ ಒಂದು ಹೊಲಿಗೆಯ ಚರಿತ್ರೆ

ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನ ಹೆಣ್ಣುಮಕ್ಕಳ ಗುಂಪೊಂದಕ್ಕೆ ಮೇಜಿನ ಮೇಲೆ ಹಾಸುವ ಸಣ್ಣ ಕೌದಿಗಳನ್ನು ಹೊಲಿದುಕೊಡುವ ಕೆಲಸ ದೊರೆಯಿತು. ದೂರದ ನಗರದ ಮಾರಾಟಗಾರರೊಬ್ಬರು ಅಳತೆ ಕೊಟ್ಟಿದ್ದರು. ಬಣ್ಣಗಳ ಆಯ್ಕೆಯನ್ನು ಹೊಲಿಯುವವರಿಗೇ ಬಿಟ್ಟಿದ್ದರು. ಎರಡು ತಿಂಗಳ ಮಧ್ಯಾಹ್ನಗಳಲ್ಲಿ ಹೊಲಿದು ಕಳುಹಿಸಿದ ಹಾಸುಗಳಲ್ಲಿ ಹೆಚ್ಚಿನವು ಹಿಂದಿರುಗಿ ಬಂದವು. ಜೊತೆಗಿದ್ದ ಚೀಟಿಯಲ್ಲಿ ಮೂರು ಆಕ್ಷೇಪಗಳಿದ್ದವು: ಮುಖಬಟ್ಟೆಗೂ ಅಸ್ತರಿಗೂ ನಡುವೆ ಬ್ಯಾಟಿಂಗ್ ಇಲ್ಲ, ಅಂಚಿಗೆ ಪ್ರತ್ಯೇಕ ಪಟ್ಟಿ ಕಟ್ಟಿಲ್ಲ, ನಟ್ಟನಡುವಿನ ಚೌಕ ಉಬ್ಬಿಕೊಂಡಿದೆ. ಒಟ್ಟಿನಲ್ಲಿ ಕೆಲಸ ‘ಮುಗಿದಿಲ್ಲ’. ಚೀಟಿಯನ್ನು ಓದಿ ಹೇಳಿದ ನನ್ನನ್ನು, ಸಂಬಂಧದಲ್ಲಿ ನನಗೆ ದೊಡ್ಡವ್ವನಾಗಬೇಕಾದ ಹಿರಿಯರೊಬ್ಬರು ಕೇಳಿದರು: “ಮುಗಸದ ಕೌದಿ ಮನಿ ಹೊರಗ ಹೆಂಗ ಕೊಟ್ಟೇವವಾ?”

ಒಂದೇ ವಸ್ತು ಒಬ್ಬರ ಕಣ್ಣಿಗೆ ಮುಗಿದಿರಲಿಲ್ಲ, ಇನ್ನೊಬ್ಬರ ಕಣ್ಣಿಗೆ ಮುಗಿದಿತ್ತು. ಈ ಭಿನ್ನಾಭಿಪ್ರಾಯವನ್ನು ಕೇವಲ ವ್ಯಾಪಾರದ ತಕರಾರು ಎಂದು ಬದಿಗಿಡಬಹುದು. ಆದರೆ ‘ಮುಗಿಸುವುದು’ ಎಂಬ ಕ್ರಿಯೆಯ ಹಿಂದೆ ಹತ್ತಿ ಬೆಳೆದವರು, ಅರಳೆ ಹಿಂಜಿದವರು, ಬಟ್ಟೆ ನೇಯ್ದವರು, ಅದನ್ನು ಉಟ್ಟು ಸವೆಸಿದವರು ಹೀಗೆ ಹಲವು ಜನರ ಚರಿತ್ರೆಯಿದೆ. ಆ ಚರಿತ್ರೆ ಕರ್ನಾಟಕದ ಇಂದಿನ ಗಡಿಗೆರೆಯನ್ನು ಅನುಸರಿಸುವುದಿಲ್ಲ. ಪ್ರಸ್ತುತ ಲೇಖನವು ಕೌದಿಯ ಪದರುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಪ್ರಯತ್ನವಾಗಿದೆ.

1. ಲೇಪು ಬೇರೆ, ಕೌದಿ ಬೇರೆ

ಇಂದಿನ ಮಾರುಕಟ್ಟೆಯಲ್ಲಿ ‘ಕ್ವಿಲ್ಟ್’ ಎಂದು ಕರೆಯಲಾಗುವ ವಸ್ತುವಿಗೆ ಸಾಮಾನ್ಯವಾಗಿ ಮೂರು ಪದರು. ಮೇಲೆ ತುಂಡುಗಳನ್ನು ಜೋಡಿಸಿ ಹೊಲಿದ ಮುಖಬಟ್ಟೆ, ನಡುವೆ ಹಾಳೆಯಂತೆ ಹರಡಿದ ಅರಳೆ, ಉಣ್ಣೆ ಅಥವಾ ಪಾಲಿಯೆಸ್ಟರ್, ಕೆಳಗೆ ಅಸ್ತರಿ. ಹೊಲಿಯುವಾಗ ಪದರುಗಳು ಜರುಗಿ ಒಳಕ್ಕೆ ಸೆಳೆದುಕೊಳ್ಳುವುದರಿಂದ ಅಸ್ತರಿಯನ್ನೂ ಅರಳೆಯ ಹಾಳೆಯನ್ನೂ ಮುಖಬಟ್ಟೆಗಿಂತ ಎಲ್ಲ ಕಡೆ ತುಸು ದೊಡ್ಡದಾಗಿ ಕತ್ತರಿಸುತ್ತಾರೆ. ಮೂರನ್ನೂ ಸುಕ್ಕಿಲ್ಲದಂತೆ ಹಾಸಿ, ಕಚ್ಚಾ ಹೊಲಿಗೆಯಿಂದಲೋ ಪಿನ್ನುಗಳಿಂದಲೋ ಹಿಡಿಸಿ, ನಡುವಿನಿಂದ ಅಂಚಿನತ್ತ ಹೊಲಿಯುತ್ತ ಹೋಗುತ್ತಾರೆ. ಬಟ್ಟೆಯ ಸಡಿಲವೆಲ್ಲ ಹೊರಕ್ಕೆ ಸರಿಯಲಿ ಎಂಬುದು ಉದ್ದೇಶ. ಕೊನೆಯಲ್ಲಿ ಹೆಚ್ಚಾದುದನ್ನು ಕತ್ತರಿಸಿ ಪಟ್ಟಿ ಕಟ್ಟುತ್ತಾರೆ, ಇಲ್ಲವೇ ಅಸ್ತರಿಯ ಹೆಚ್ಚುವರಿಯನ್ನೇ ಮುಂದಕ್ಕೆ ಮಡಿಚಿ ಹೊಲಿಯುತ್ತಾರೆ. ಮೇಜಿನ ಹಾಸಿನಂತಹ ಸಣ್ಣ ವಸ್ತುವಿಗೆ ಇನ್ನೂ ಸುಲಭದ ದಾರಿಯಿದೆ. ಅರಳೆಯ ಹಾಳೆಯ ಮೇಲೆ ಅಸ್ತರಿಯನ್ನೂ ಮುಖಬಟ್ಟೆಯನ್ನೂ ಅವುಗಳ ಒಳ್ಳೆಯ ಬದಿಗಳು ಒಂದಕ್ಕೊಂದು ಮುಖಮಾಡುವಂತೆ ಇಟ್ಟು, ಸುತ್ತಲೂ ಹೊಲಿದು, ಒಂದು ಗೇಣಿನಷ್ಟು ಬಾಯಿ ಬಿಟ್ಟು, ಚೀಲವನ್ನು ಮಗುಚಿದಂತೆ ಮಗುಚಿ, ಆಮೇಲೆ ಬಾಯಿ ಮುಚ್ಚುತ್ತಾರೆ. ದಿಂಬಿನ ಚೀಲ ಹೊಲಿದು ಬಲ್ಲವರಿಗೆ ಇದು ಹೊಸದೇನಲ್ಲ.

ಈ ಮೂರು ಪದರಿನ ರಚನೆ ನಮ್ಮವರಿಗೆ ಅಪರಿಚಿತವೂ ಅಲ್ಲ. ಅರಳೆ ತುಂಬಿದ ಹೊದಿಕೆಗೆ ಕನ್ನಡದಲ್ಲಿ ಲೇಪು ಎಂಬ ಹೆಸರಿದೆ. ಉರ್ದುವಿನ ಸಂಪರ್ಕವಿರುವ ಊರುಗಳಲ್ಲಿ ಅದೇ ರಜಾಯಿ. ಅರಳೆ ಒಂದೆಡೆ ಮುದ್ದೆಯಾಗದಂತೆ ಲೇಪಿನ ಮೇಲೆ ದೂರದೂರ ಹೊಲಿಗೆ ಹಾಕುತ್ತಾರೆ. ಕೌದಿಯ ಕ್ರಮ ಇದಲ್ಲ. ಕೌದಿಯ ಒಡಲಲ್ಲಿ ಅರಳೆಯೇ ಇಲ್ಲ. ಸವೆದ ಸೀರೆ, ಧೋತರ, ಕುಪ್ಪಸ, ಅಂಗಿ, ಕೂಸಿನ ಕುಂಚಿಗೆ ಇವೇ ಒಂದರ ಮೇಲೊಂದು ಕೂತು ದಪ್ಪವಾಗುತ್ತವೆ. ಬಟ್ಟೆಯೇ ಮುಖ, ಬಟ್ಟೆಯೇ ಒಡಲು, ಬಟ್ಟೆಯೇ ಅಸ್ತರಿ. ಕನ್ನಡದ ಬೊಂತೆ, ತೆಲುಗಿನ ಬೊಂತ, ಮರಾಠಿಯ ಗೋಧಡಿ ಮತ್ತು ವಾಕಳ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಇವೆಲ್ಲ ಹಳೆಯ ಬಟ್ಟೆಯ ಪದರುಗಳನ್ನು ನೇರ ಹೊಲಿಗೆಯಿಂದ ಕೂಡಿಸುವ ಒಂದೇ ಕುಲಕ್ಕೆ ಸೇರಿದವು. ಈ ಕುಲದ ವಸ್ತುವನ್ನು ಲೇಪಿನ ಅಳತೆಗೋಲಿನಿಂದ ಅಳೆದಾಗ ಮಾತ್ರ ಅದರಲ್ಲಿ ಏನೋ ಕೊರತೆ ಕಾಣುತ್ತದೆ.

ಹತ್ತಿ ಬೆಳೆಯುವ ಕರಿಮಣ್ಣಿನ ಸೀಮೆಯಲ್ಲೇ ಹೊದಿಕೆಯೊಳಗೆ ಹತ್ತಿಯಿಲ್ಲವೇಕೆ ಎಂಬ ಪ್ರಶ್ನೆ ಸಹಜ. ಹತ್ತಿ ಮಾರುವ ಬೆಳೆಯಾಗಿತ್ತು ಎಂಬುದೇ ಇದಕ್ಕೆ ಮುಖ್ಯ ಉತ್ತರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ ಹೋದಾಗ, ಧಾರವಾಡ ಸೀಮೆಯೂ ಸೇರಿದಂತೆ ಇಡೀ ದಖ್ಖನಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಹೊಲದಿಂದ ಬಿಡಿಸಿದ ಹತ್ತಿ ಗಾಡಿಯೇರಿ ಪೇಟೆಗೆ, ಅಲ್ಲಿಂದ ಮುಂಬಯಿಗೆ ಹೋಯಿತು. ಮನೆಯಲ್ಲಿ ಉಳಿಯುತ್ತಿದ್ದುದು ಉಟ್ಟು ಸವೆದ ಬಟ್ಟೆ. ಲೇಪು ಮಾಡಿಸಬೇಕಾದರೆ ಅರಳೆ ಕೊಳ್ಳಬೇಕು, ಹಿಂಜುವವರಿಗೆ ಕೂಲಿ ಕೊಡಬೇಕು. ಕೌದಿಗೆ ಸೂಜಿ, ದಾರ ಮತ್ತು ಮನೆಯ ಹೆಣ್ಣಿನ ಮಧ್ಯಾಹ್ನಗಳು ಸಾಕು.

2. ಅರಳೆ ಹಿಂಜಿದವರು

ಲೇಪಿನ ನಡುವಣ ಪದರನ್ನು ಸಿದ್ಧಪಡಿಸುವ ಕೆಲಸ ಒಂದು ನಿರ್ದಿಷ್ಟ ಸಮುದಾಯದ ಕಸುಬಾಗಿತ್ತು. ಹಿಂಜುವ ಬಿಲ್ಲನ್ನು ಮಾಡಿಗೆ ತೂಗುಹಾಕಿ, ನರದ ಹೆದೆಯನ್ನು ಅರಳೆಯ ರಾಶಿಗೆ ತಾಗಿಸಿ, ಮರದ ಗುಂಡಿನಿಂದ ಮೀಟಿದರೆ ಹೆದೆಯ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರುತ್ತವೆ, ಧೂಳು ಕೆಳಗುಳಿಯುತ್ತದೆ. ಸಂಸ್ಕೃತ ಕೋಶಗಳಲ್ಲಿ ಈ ಉಪಕರಣಕ್ಕೆ ‘ತೂಲಕಾರ್ಮುಕ’, ಅಂದರೆ ಅರಳೆಯ ಬಿಲ್ಲು, ಎಂಬ ಹೆಸರಿದೆ. ನಮ್ಮ ಭಾಗದ ಪೇಟೆಗಳಲ್ಲಿ ಓಣಿಯ ತುದಿಯಿಂದಲೇ ಕೇಳಿಬರುತ್ತಿದ್ದ ಈ ಬಿಲ್ಲಿನ ನಾದ ಚಳಿಗಾಲ ಹತ್ತಿರವಾದುದರ ಗುರುತಾಗಿತ್ತು. ಇಂದು ಆ ಕೆಲಸವನ್ನು ಯಂತ್ರ ಮಾಡುತ್ತದೆ; ಕಸುಬಿನ ಹೆಸರು ಮನೆತನದ ಹೆಸರಾಗಿ ಉಳಿದಿದೆ.

ಆ ಹೆಸರುಗಳೇ ಒಂದು ಭಾಷಾಭೂಪಟ. ಕನ್ನಡ ನಾಡಿನಲ್ಲಿ ಇವರು ಪಿಂಜಾರರು ಅಥವಾ ನದಾಫರು. ‘ಪಿಂಜಾರ’ ಮರಾಠಿ ಮತ್ತು ಹಿಂದಿಗಳೊಡನೆ ಹಂಚಿಕೊಂಡ ಪದ. ‘ನದಾಫ್’ ಅರಬ್ಬಿಯಿಂದ ಬಂದುದು, ಅದಕ್ಕೂ ಅರಳೆ ಹಿಂಜುವವನೆಂಬುದೇ ಅರ್ಥ. ಆಂಧ್ರದಲ್ಲಿ ಇದೇ ಕಸುಬಿನವರು ದೂದೇಕುಲದವರು. ಅರಳೆ ಎಂಬರ್ಥದ ತೆಲುಗಿನ ‘ದೂದಿ’ಯೂ ಹಿಂಜುವುದೆಂಬರ್ಥದ ‘ಏಕು’ವೂ ಸೇರಿದ ಹೆಸರಿದು. ತಮಿಳುನಾಡಿನಲ್ಲಿ ಇವರನ್ನು ಪಂಜುಕೊಟ್ಟಿ ಎನ್ನುತ್ತಾರೆ. ‘ಪಂಜು’ ಎಂದರೆ ಅರಳೆ, ‘ಕೊಟ್ಟಿ’ ಎಂದರೆ ಬಡಿಯುವವ. ಒಂದೇ ಕೆಲಸವನ್ನು ಸೂಚಿಸುವ ಈ ಹೆಸರುಗಳಲ್ಲಿ ಎರಡು ದ್ರಾವಿಡ ಭಾಷೆಗಳು, ಒಂದು ಆರ್ಯಭಾಷಾ ಪದ, ಒಂದು ಅರಬ್ಬಿ ಪದ ಸೇರಿವೆ. ಧರ್ಮದಿಂದ ಮುಸ್ಲಿಮರಾದ ಈ ಸಮುದಾಯದ ಅನೇಕ ಮನೆಗಳ ಆಡುಮಾತು ಸ್ಥಳೀಯ ಭಾಷೆಯೇ ಆಗಿದೆ. ಆಂಧ್ರದ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಪ್ರಸಿದ್ಧ ಶಿಷ್ಯ ಸಿದ್ದಯ್ಯ ಈ ದೂದೇಕುಲದವನೇ.

ಹತ್ತಿಯ ದೊಡ್ಡ ಪೇಟೆಯಾದ ಆದೋನಿಯನ್ನು ಇಲ್ಲಿ ನೆನೆಯಬೇಕು. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂದಿತು. ಆ ದಿನದಿಂದ ಒಂದೇ ಕಸುಬಿನ ನೆಂಟರು ಒಂದು ರಾಜ್ಯದಲ್ಲಿ ಪಿಂಜಾರರು, ಇನ್ನೊಂದರಲ್ಲಿ ದೂದೇಕುಲದವರು ಎಂದು ದಾಖಲೆಗೆ ಹೋಗತೊಡಗಿದರು. ಅರಳೆ ಮಾತ್ರ ಎಂದಿನಂತೆ ಎರಡೂ ಕಡೆಯ ಪೇಟೆಗೆ ಹೋಗಿಬರುತ್ತಿತ್ತು.

3. ಸವೆದ ಬಟ್ಟೆಯ ಸಾಕ್ಷ್ಯ

ಕೌದಿಯ ಒಡಲಿನ ಚರಿತ್ರೆ ಬಟ್ಟೆಯ ಚರಿತ್ರೆಯೇ ಆಗಿದೆ. ಸೋಲಾಪುರದ ಸೀಮೆಗೆ ಆ ಚರಿತ್ರೆ ದೀರ್ಘವಾದುದು. ಇಂದಿನ ಸೋಲಾಪುರ ಹನ್ನೆರಡನೆಯ ಶತಮಾನದ ಸೊನ್ನಲಿಗೆ, ಸಿದ್ಧರಾಮನ ಊರು. ಅದೇ ಊರಿನೊಂದಿಗೆ ಹೆಸರು ಬೆಸೆದುಕೊಂಡಿರುವ ಅಮುಗೆ ದೇವಯ್ಯ ಮತ್ತು ಅಮುಗೆ ರಾಯಮ್ಮ ದಂಪತಿ ನೇಯ್ಗೆಯ ಕಾಯಕದವರು. ಶರಣರ ಬಳಗದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಳು, ಸೂಜಿಕಾಯಕದ ರಾಮಿತಂದೆ ಇದ್ದನು, ನೇಕಾರ ಜೇಡರ ದಾಸಿಮಯ್ಯನಿದ್ದನು. ನೂಲು, ಮಗ್ಗ, ಸೂಜಿ ಮೂರೂ ವಚನಕಾರರ ಹೆಸರಿನೊಂದಿಗೆ ಸಾಹಿತ್ಯಚರಿತ್ರೆಯನ್ನು ಪ್ರವೇಶಿಸಿದವು. ಹಳೆಯ ಬಟ್ಟೆಯನ್ನು ಕೂಡಿಸಿ ಹೊದಿಕೆ ಮಾಡುವ ಕೆಲಸಕ್ಕೆ ಆ ಭಾಗ್ಯ ದೊರೆಯಲಿಲ್ಲ. ಅದು ಮನೆಯೊಳಗಿನ ಕೆಲಸಗಳ ನಡುವೆ ಮಾಡುವ ಕೆಲಸವಾಗಿತ್ತು. ಯಾರ ಹೆಸರಿಗೂ ವಿಶೇಷಣವಾಗಲಿಲ್ಲ.

ಆಧುನಿಕ ಕಾಲದ ತಿರುವು ರೈಲಿನಿಂದ ಆರಂಭವಾಗುತ್ತದೆ. ಮುಂಬಯಿಯಿಂದ ಹೊರಟ ಹಳಿ 1860ರಲ್ಲಿ ಸೋಲಾಪುರವನ್ನು ಮುಟ್ಟಿತು. 1876–78ರ ಮಹಾಕ್ಷಾಮ ಸೋಲಾಪುರ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ಒಟ್ಟಿಗೇ ಹಿಂಡಿದ ಆ ವರ್ಷಗಳಲ್ಲೇ, 1877ರಲ್ಲಿ, ಸೋಲಾಪುರದ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಊರಿನವರು ಅದನ್ನು ಇಂದಿಗೂ ‘ಜುನೀ ಮಿಲ್’, ಹಳೇ ಗಿರಣಿ, ಎಂದೇ ಕರೆಯುತ್ತಾರೆ. ಗಿರಣಿ ಕೂಲಿಗೆ ಸುತ್ತಲಿನ ಕನ್ನಡ ಮತ್ತು ಮರಾಠಿ ಹಳ್ಳಿಗಳ ಜನ ಹೋದರು. ಕೈಮಗ್ಗಗಳಿಗೆ ತೆಲುಗು ನಾಡಿನ ಪದ್ಮಶಾಲಿ ನೇಕಾರರು ವಲಸೆ ಬಂದರು. ಮುಂದೆ ಅವರ ಮಗ್ಗಗಳಿಂದಲೇ ಸೋಲಾಪುರಿ ಚಾದರ ಹೆಸರಾಯಿತು, ಭೌಗೋಳಿಕ ಸೂಚಿಯ ನೋಂದಣಿಯನ್ನೂ ಪಡೆಯಿತು.

ಈ ಬದಲಾವಣೆಗಳು ಕೌದಿಯ ಪದರುಗಳಲ್ಲಿ ಓದಲು ಸಿಗುತ್ತವೆ. ನಮ್ಮ ಆಯಿ ತನ್ನ ಅತ್ತೆಯಿಂದ ಪಡೆದ ಕೌದಿಯೊಂದು ಮನೆಯಲ್ಲಿದೆ. ಅಂಚು ಸವೆದು ಬಿಟ್ಟುಕೊಂಡ ಕಡೆ ಅದರ ಒಳಪದರುಗಳು ಕಾಣುತ್ತವೆ. ಎಲ್ಲಕ್ಕೂ ಕೆಳಗೆ ಒರಟು ನೂಲಿನ ಕೈಮಗ್ಗದ ಬಟ್ಟೆ. ಅದರ ಮೇಲೆ ತೆಳುವಾದ ಗಿರಣಿ ಧೋತರ. ಆಮೇಲೆ ಇಳಕಲ್ಲ ಸೀರೆಯ ಒಡಲು, ಅದರ ಕೆಂಪು ಸೆರಗನ್ನು ಮಾತ್ರ ಕತ್ತರಿಸಿ ಮುಖಕ್ಕೆ ಬಳಸಿದ್ದಾರೆ. ಎಲ್ಲಕ್ಕಿಂತ ಮೇಲೆ, ನನ್ನ ಅವ್ವನ ಕಾಲದ ದುರಸ್ತಿಯಲ್ಲಿ ಹಚ್ಚಿದ ಪಾಲಿಯೆಸ್ಟರ್ ತ್ಯಾಪೆ. ಹಳೆಯ ಕೌದಿ ಸವೆದಾಗ ಅದನ್ನು ಬಿಸಾಡುವುದಿಲ್ಲ; ಅದನ್ನೇ ಒಡಲಾಗಿಸಿ ಮೇಲೊಂದು ಕೆಳಗೊಂದು ಬಟ್ಟೆ ಹಾಸಿ ಹೊಸ ಕೌದಿ ಹೊಲಿಯುತ್ತಾರೆ. ಹೀಗೆ ಒಂದು ಕೌದಿಯೊಳಗೆ ಮತ್ತೊಂದು ಇರುತ್ತದೆ. ಊರಿನ ನೇಯ್ಗೆ ಯಾವಾಗ ಹಿಂದೆ ಸರಿಯಿತು, ಗಿರಣಿ ಬಟ್ಟೆ ಯಾವಾಗ ಬಂದಿತು, ಅದನ್ನು ಪಾಲಿಯೆಸ್ಟರ್ ಯಾವಾಗ ತಳ್ಳಿತು ಎಂಬುದಕ್ಕೆ ನಮ್ಮ ಹಳ್ಳಿಯ ಯಾವ ಕಾಗದಪತ್ರವೂ ಇಷ್ಟು ಅಡಕವಾದ ಸಾಕ್ಷ್ಯ ನೀಡುವುದಿಲ್ಲ.

ಎಲ್ಲ ಕೌದಿಗಳೂ ಮನೆಯವರೇ ಹೊಲಿದವಲ್ಲ ಎಂಬುದನ್ನೂ ಹೇಳಬೇಕು. ಗೋಂದಳಿ ಮೊದಲಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಸುಗ್ಗಿಯ ನಂತರ ಊರೂರಿಗೆ ಬಂದು, ಮನೆಯವರು ಕೊಟ್ಟ ಹಳೆಯ ಬಟ್ಟೆಯಿಂದ ಕೌದಿ ಹೊಲಿದು, ಜೋಳವನ್ನೋ ಹಣವನ್ನೋ ಕೂಲಿಯಾಗಿ ಪಡೆಯುತ್ತಿದ್ದರು. ಮನೆಯಲ್ಲಿ ಒಂದು ಭಾಷೆ, ಕೂಲಿ ಮಾಡಿದ ಊರಿನಲ್ಲಿ ಇನ್ನೊಂದು ಭಾಷೆ ಆಡುತ್ತಿದ್ದ ಇವರ ಸೂಜಿಯೇ ಜತ್ತ, ಅಕ್ಕಲಕೋಟೆ, ಇಂಡಿ, ಆಳಂದಗಳ ಕೌದಿಗಳನ್ನು ಒಂದೇ ಕೈಯವುಗಳಂತೆ ಮಾಡಿತು. ಮರಾಠಿಯ ಗೋಧಡಿ ಎಲ್ಲಿ ಮುಗಿದು ಕನ್ನಡದ ಕೌದಿ ಎಲ್ಲಿ ಆರಂಭವಾಗುತ್ತದೆ ಎಂದು ವಸ್ತುವನ್ನು ನೋಡಿ ಹೇಳಲಾಗದು. ಹೊಲಿಯುವವಳ ಬಾಯಿಂದ ಕೇಳಬೇಕು.

4. ಅಂಚಿನಿಂದ ನಡುವಿಗೆ

ಕ್ವಿಲ್ಟಿಗೂ ಕೌದಿಗೂ ಇರುವ ಮುಖ್ಯ ವ್ಯತ್ಯಾಸ ಹೊಲಿಗೆಯ ದಿಕ್ಕಿನಲ್ಲಿದೆ. ಕೌದಿ ಹೊಲಿಯುವವಳು ಅಂಚಿನಿಂದ ತೊಡಗುತ್ತಾಳೆ. ಅಸ್ತರಿಯನ್ನು ನೆಲಕ್ಕೆ ಹಾಸಿ, ಮೇಲೆ ಪದರುಗಳನ್ನು ಜೋಡಿಸಿ, ಅಂಚನ್ನು ಒಳಕ್ಕೆ ಮಡಿಚಿ ಮೊದಲ ಸುತ್ತು ಹೊಲಿಯುತ್ತಾಳೆ. ಅದರೊಳಗೆ ಎರಡನೆಯ ಸುತ್ತು, ಅದರೊಳಗೆ ಮೂರನೆಯದು. ಆಯತಗಳು ಕಿರಿದಾಗುತ್ತ ನಡುವಿಗೆ ಬರುತ್ತವೆ. ಅಂಚು ಮೊದಲ ದಿನವೇ ಭದ್ರವಾಗುವುದರಿಂದ ಕೊನೆಯಲ್ಲಿ ಪಟ್ಟಿ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಬಟ್ಟೆಯ ಸಡಿಲವೆಲ್ಲ ನಡುವಿಗೆ ಬಂದು ಸೇರುತ್ತದೆ. ಅಲ್ಲೊಂದು ಚೌಕ ಹಚ್ಚಿ ಅದನ್ನು ಅಡಗಿಸುತ್ತಾಳೆ. ಮಾರಾಟಗಾರರ ಚೀಟಿಯಲ್ಲಿದ್ದ ಎರಡನೆಯ ಮತ್ತು ಮೂರನೆಯ ಆಕ್ಷೇಪಗಳಿಗೆ ಈ ದಿಕ್ಕೇ ಕಾರಣ.

ಮೂರನೆಯದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಯಲ್ಲಿ ನಡುವಿನ ಚೌಕದ ಮೂರು ಬದಿ ಹೊಲಿದು ನಾಲ್ಕನೆಯದನ್ನು ಮುಚ್ಚುವ ಮುಂಚೆ ಅದರೊಳಗೆ ರೊಟ್ಟಿಯ ತುಣುಕನ್ನೋ ಹಬ್ಬದ ದಿನವಾದರೆ ಹೋಳಿಗೆಯ ಚೂರನ್ನೋ ನಾಲ್ಕು ಜೋಳದ ಕಾಳನ್ನೋ ಇಡುವ ಪದ್ಧತಿಯಿತ್ತು. “ಹಸದ ಕೌದಿ ಯಾರನ್ನೂ ಬೆಚ್ಚಗ ಇಡೂದಿಲ್ಲ” ಎನ್ನುತ್ತಿದ್ದರು ಆಯಿ. ಹೊಟ್ಟೆ ತುಂಬಿದ ಮೇಲೆಯೇ ಕೌದಿಯ ಬಾಯಿ ಮುಚ್ಚುವುದು. ಆಗಲೇ ಅದು ಮುಗಿದಂತೆ. ಬಾಣಂತಿಯ ಮನೆಗೆ, ಮದುವೆಯಾಗಿ ಹೋಗುವ ಮಗಳ ಗಂಟಿಗೆ ಹಸಿದ ಕೌದಿಯನ್ನು ಕೊಡುವುದು ಕೊಟ್ಟವರಿಗೇ ಕುಂದು. ದೊಡ್ಡವ್ವನ ಪ್ರಶ್ನೆಗೆ ಈ ಹಿನ್ನೆಲೆಯಿತ್ತು.

ಪಶ್ಚಿಮ ಘಟ್ಟದ ಸಿದ್ದಿಯರಲ್ಲಿಯೂ ಇಂಥದೇ ವಿವೇಚನೆಯಿದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಂದಿನ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿದೆ. 2003ರಲ್ಲಿ ಈ ಸಮುದಾಯ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಕೊಂಕಣಿ, ಕನ್ನಡ, ಮರಾಠಿಗಳ ನಡುವೆ ಬದುಕುವ ಇವರು ತಮ್ಮ ಹೊದಿಕೆಗೆ ‘ಕವಂದ್’ ಎನ್ನುತ್ತಾರೆ. ಅದೂ ಅಂಚಿನಿಂದ ನಡುವಿಗೆ ಸಾಗುವ ಹೊಲಿಗೆ. ನಾಲ್ಕು ಮೂಲೆಗಳಿಗೆ ಮಡಿಚಿದ ತ್ರಿಕೋನಾಕಾರದ ‘ಫುಲ’ಗಳನ್ನು, ಅಂದರೆ ಹೂಗಳನ್ನು, ಹಚ್ಚದಿದ್ದರೆ ಕವಂದ್ ಬೆತ್ತಲೆ ಎಂಬುದು ಅವರ ನಂಬಿಕೆ. ನಮ್ಮಲ್ಲಿ ಮುಗಿಯದ ಹೊದಿಕೆ ಹಸಿದಿರುತ್ತದೆ, ಅವರಲ್ಲಿ ಬೆತ್ತಲೆಯಾಗಿರುತ್ತದೆ. ಎರಡೂ ಕಡೆ ಹೊದಿಕೆಯನ್ನು ಮನೆಯ ಜೀವವೊಂದರಂತೆ ನಡೆಸಿಕೊಳ್ಳಲಾಗಿದೆ. ಅನ್ನ ಮತ್ತು ಬಟ್ಟೆಯ ಕೊರತೆಯನ್ನು ಉಂಡು ಬಲ್ಲವರು ತಮ್ಮ ಕೈಕೆಲಸಕ್ಕೆ ಆ ಎರಡನ್ನೂ ತಪ್ಪಿಸಲಿಲ್ಲ.

ಈ ಸಿದ್ದಿ ಹೊಲಿಗೆ ಇಂದು ‘ಕವಂದಿ’ ಎಂಬ ಹೆಸರಿನಲ್ಲಿ ಅಮೆರಿಕದ ಹವ್ಯಾಸಿ ಹೊಲಿಗೆಗಾರರವರೆಗೂ ಹೋಗಿದೆ. ಅಲ್ಲಿ ಅದು ಹೆಚ್ಚಾಗಿ ತಟ್ಟೆಯಡಿಯ ಅಥವಾ ಮೇಜಿನ ಸಣ್ಣ ಹಾಸಿನ ಅಳತೆಗೆ ಇಳಿದಿದೆ. ನಡುವೆ ಬ್ಯಾಟಿಂಗಿನ ಹಾಳೆ ಬಂದಿದೆ. ಹೆಸರು ಉಳಿಯಿತು, ಹೂವೂ ಉಳಿಯಿತು, ಸವೆದ ಬಟ್ಟೆಯ ಒಡಲು ಹೋಯಿತು. ಇದನ್ನು ಕೇವಲ ನಷ್ಟವೆನ್ನುವುದು ಸರಿಯಲ್ಲ. ಹೊಲಿಗೆಯ ದಿಕ್ಕನ್ನು ಕಲಿತವರು ಅದರ ಮೂಲದ ಹೆಸರನ್ನು ಬಿಟ್ಟುಕೊಡಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಗಡಿಯಾಚೆಯ ನಮ್ಮ ಕೌದಿಗೆ ಅಷ್ಟೂ ದಕ್ಕಿಲ್ಲ.

5. ಪದಗಳ ಗತಿ

ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ಪುನರ್ವಿಂಗಡಣೆಯಲ್ಲೂ, 1960ರಲ್ಲಿ ಮಹಾರಾಷ್ಟ್ರ ರೂಪುಗೊಂಡಾಗಲೂ ಆ ಕಡೆಗೇ ಉಳಿದವು. ಗಡಿಯ ವಾದವಿವಾದಗಳಲ್ಲಿ ಶಾಲೆ, ಕಚೇರಿ, ನಾಮಫಲಕಗಳ ಭಾಷೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಕೈಕೆಲಸದ ಭಾಷೆ ಆ ಲೆಕ್ಕಕ್ಕೆ ಬರಲಿಲ್ಲ. ದಬ್ಬಣ, ಟಾಕಿ, ತ್ಯಾಪೆ, ಒಡಲು, ಬಾಯಿ, ಹೊಟ್ಟೆ ಎಂಬ ಕೌದಿಯ ಪದಗಳು ಯಾವ ಶಾಲೆಯ ಪಠ್ಯದಲ್ಲೂ ಇಲ್ಲ. ಅವು ಅತ್ತೆಯಿಂದ ಸೊಸೆಗೆ, ಆಯಿಯಿಂದ ಮೊಮ್ಮಗಳಿಗೆ ಕೆಲಸದ ಜೊತೆಯಲ್ಲೇ ಬಂದವು. ಇವುಗಳಲ್ಲಿ ‘ಟಾಕಿ’ ಮರಾಠಿಯ ಟಾಕಾದ ನೆಂಟ, ‘ಅಸ್ತರಿ’ ಪಾರಸಿಯಿಂದ ಬಂದುದು. ಶುದ್ಧವಲ್ಲದ ಈ ಪದಗಳ ರಾಶಿಯೇ ನಮ್ಮ ಸೀಮೆಯ ಕನ್ನಡ. ಕೆಲಸ ನಿಂತ ಮನೆಯಲ್ಲಿ ಪದವೂ ನಿಲ್ಲುತ್ತದೆ. ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದ ಮೊಮ್ಮಗಳಿಗೆ ಕೌದಿ ಗೊತ್ತು, ಅದರ ‘ಬಾಯಿ’ ಗೊತ್ತಿಲ್ಲ.

ಆದ್ದರಿಂದ ಸಂಗ್ರಹಕಾರರಲ್ಲಿ ಒಂದು ವಿನಂತಿ. ವಸ್ತುಸಂಗ್ರಹಾಲಯಕ್ಕೋ ಅಧ್ಯಯನಕ್ಕೋ ಒಂದು ಕೌದಿಯನ್ನು ಪಡೆದಾಗ ಅದರ ಅಳತೆ ಮತ್ತು ಛಾಯಾಚಿತ್ರಗಳ ಜೊತೆಗೆ, ಯಾರ ಯಾರ ಬಟ್ಟೆ ಅದರಲ್ಲಿದೆ, ಯಾವ ಭಾಗಕ್ಕೆ ಹೊಲಿದವಳು ಏನೆನ್ನುತ್ತಾಳೆ, ಒಳಗೆ ಏನಿಟ್ಟಿದ್ದಾಳೆ ಎಂಬುದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಬೇಕು. ಕಾಸರಗೋಡಿನಿಂದ ಮಡಕಶಿರಾದವರೆಗೆ ಗಡಿಯ ಪ್ರತಿಯೊಂದು ಸೀಮೆಯಲ್ಲಿ ಹಾಸಿಗೆ ಹೊದಿಕೆಗಳ ಪದಕೋಶವನ್ನು ಹೀಗೆ ಕೂಡಿಹಾಕಲು ಹೆಚ್ಚಿನ ಹಣ ಬೇಕಿಲ್ಲ. ಆದರೆ ಆ ಪದಗಳನ್ನು ಆಡುವವರು ಬಹಳ ಕಾಲ ಕಾಯಲಾರರು.

ಇನ್ನು ಹಿಂದಿರುಗಿ ಬಂದ ಹಾಸುಗಳ ಮಾತು. ಗುಂಪಿನವರು ಸಭೆ ಸೇರಿ ಕೆಲಸವನ್ನು ಎರಡು ಬಗೆಯಾಗಿ ಮಾಡುವುದೆಂದು ತೀರ್ಮಾನಿಸಿದರು. ಹಳೆಯ ಬಟ್ಟೆಯವನ್ನು ಕೌದಿಯೆಂದೇ ಕನ್ನಡದ ಚೀಟಿ ಹಚ್ಚಿ ಜಾತ್ರೆಯಲ್ಲೂ ಪೇಟೆಯಲ್ಲೂ ಮಾರುವುದು; ನಗರದ ಬೇಡಿಕೆಗೆ ನದಾಫರ ಅಂಗಡಿಯಿಂದ ಅರಳೆಯ ಹಾಳೆ ತಂದು, ಅಸ್ತರಿ ಕೊಟ್ಟು, ಪಟ್ಟಿ ಕಟ್ಟಿ, ನಡುವೆ ಉಬ್ಬಿಲ್ಲದಂತೆ ಹೊಲಿಯುವುದು. ಬ್ಯಾಟಿಂಗ್ ಎಂಬ ಪದ ಯಾರ ನಾಲಿಗೆಗೂ ಒಗ್ಗಲಿಲ್ಲ. ದೊಡ್ಡವ್ವ ಅದನ್ನು ‘ಹೊಟ್ಟಿ’ ಎಂದರು. ಎರಡನೆಯ ವಾರಕ್ಕೆ ಎಲ್ಲರೂ “ಹೊಟ್ಟಿ ಕತ್ತರಸು”, “ಹೊಟ್ಟಿ ಹಾಸು” ಎನ್ನತೊಡಗಿದರು. ಎರಡನೆಯ ಬಾರಿ ಕಳುಹಿಸಿದ ಹಾಸುಗಳಲ್ಲಿ ಒಂದೂ ಹಿಂದಿರುಗಲಿಲ್ಲ. ಅಂಚಿನ ಪಟ್ಟಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಪ್ರತಿಯೊಂದರ ಒಳಗೂ ಒಂದೊಂದು ಜೋಳದ ಕಾಳು ಸೇರಿದ್ದುದು ಕೊಂಡವರ ಕೈಗೆ ತಿಳಿದಿರಲಾರದು.